ಪಂಪಿನ ಮುಖಕ್ಕೆ ಇಟ್ಟ ಕುಂಕುಮ

ಮೂರು ವರ್ಷದ ಹಿಂದಿನ ಮಾತು. ಶ್ರಾವಣದ ಒಂದು ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆ. ಮಾರನೇ ದಿನದ ಶುಕ್ರವಾರಕ್ಕೆಂದು ದೇವರ ದೀಪಗಳನ್ನೆಲ್ಲ ಬಚ್ಚಲಿಗೆ ತಂದುಕೊಂಡು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಕೆಳಗಿನಿಂದ ನಮ್ಮನೆಯವರು ಕೂಗಿದರು.

"ಗಿರಿಜಾ, ಲಲಿತಾ ಮೇಡಂ ಗಾಡಿ ವಾಪಸ್ ಬರ್ತಿದೆ. ಗಿರಿನಗರದ ಏರಲ್ಲಿ ಹಿಂದಕ್ಕೆ ಜಾರಿ ಆಟೋಗೆ ತಾಗಿದೆಯಂತೆ."

ಕೈಯಲ್ಲಿದ್ದ ದೀಪವನ್ನು ಹಾಗೇ ಬಿಟ್ಟೆ. "ಯಾರಿಗಾದರೂ ಏಟು?"

"ಇಲ್ಲ."

ಅದೊಂದು ಪುಣ್ಯ, ಅಂದುಕೊಂಡೆ. ಆ ದಿನ ಲೆಕ್ಕ ಹಾಕಿದ ಪುಣ್ಯಗಳಲ್ಲಿ ಅದೇ ಮೊದಲನೆಯದು.

ನಮ್ಮದು ಬನಶಂಕರಿಯಲ್ಲಿ ಕೆಳಗೆ ಗ್ಯಾರೇಜು, ಮೇಲೆ ಮನೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಟ್ಟು ನಮ್ಮನೆಯವರು ಬೇರೆ ಕೆಲಸ ಹಿಡಿಯುವುದಿಲ್ಲ. ಫಾರಂ ತುಂಬುವಾಗ ನಾನು ಗೃಹಿಣಿ ಅಂತಲೇ ಬರೆಯುವವಳು. ಆದರೆ ಹನ್ನೊಂದು ವರ್ಷದಿಂದ ಊಟದ ಪಾತ್ರೆ ತೊಳೆದಾದ ಮೇಲೆ ಕೆಳಗಿಳಿದು ಎರಡು ಗಂಟೆ ಇನ್ನೊಂದು ತೊಳೆಯುವ ಕೆಲಸ ಮಾಡುತ್ತೇನೆ. ಬಿಚ್ಚಿದ ಬೋಲ್ಟು, ವಾಷರು, ಚಿಕ್ಕ ಚಿಕ್ಕ ವಾಲ್ವುಗಳನ್ನು ತೊಳೆದು ಒಣಗಿಸಿ, ಯಾವ ಕ್ರಮದಲ್ಲಿ ಬಿಚ್ಚಿದರೋ ಆ ಕ್ರಮದಲ್ಲಿ ಟ್ರೇಯಲ್ಲಿ ಜೋಡಿಸಿಡುವುದು. ಹೊಸ ಪಾರ್ಟು ಬಂದರೆ ಪೊಟ್ಟಣ ಬಿಚ್ಚಿ ಟ್ರೇಗೆ ಇಡುವುದೂ ನಾನೇ. ಇಡುವ ಮೊದಲು ಅದಕ್ಕೊಂದು ಕುಂಕುಮದ ಬೊಟ್ಟು. ಗ್ಯಾರೇಜು ಶುರುವಾದ ದಿನ ನಮ್ಮತ್ತೆ ಮೊದಲ ಗೇರ್‌ಬಾಕ್ಸಿಗೆ ಇಟ್ಟಿದ್ದರು, ಅಲ್ಲಿಂದ ನಡೆದುಬಂದ ಪದ್ಧತಿ. ಜನರನ್ನು ಹೊತ್ತು ಓಡಾಡುವ ವಸ್ತು, ಒಂದು ಬೊಟ್ಟು ಇಟ್ಟರೆ ಏನು ನಷ್ಟ ಅನ್ನುತ್ತಿದ್ದರು ಅವರು.

ಲಲಿತಾ ಮೇಡಂ ಜಯನಗರದವರು, ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತಿಯಾದವರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಲ್ಲಿ ಶಕ್ತಿ ಇಲ್ಲ. ಕ್ಲಚ್ ಒತ್ತಲು ಆಗದು. ಹಾಗಾಗಿ ಅವರ ಪಾಲಿಗೆ ಆಟೋಮ್ಯಾಟಿಕ್ ಗಾಡಿ ಅಂದರೆ ಷೋಕಿಯಲ್ಲ, ಕಾಲು. ಅವರ ಗಾಡಿಯ ಎಲೆಕ್ಟ್ರಿಕ್ ಆಯಿಲ್ ಪಂಪ್ ಸುಟ್ಟುಹೋಗಿತ್ತು, ಎಂಟು ದಿನದ ಹಿಂದೆ ನಾವು ಹೊಸದು ಕೂರಿಸಿ ಕಳಿಸಿದ್ದೆವು.

ಈ ಪಂಪ್ ಏನು ಅಂತ ಹೇಳದೆ ಮುಂದೆ ಹೋದರೆ ಅರ್ಥವಾಗುವುದಿಲ್ಲ. ಈಗಿನ ಎಷ್ಟೋ ಗಾಡಿಗಳಲ್ಲಿ ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಇಂಜಿನ್ ತಾನೇ ಆಫ್ ಆಗುತ್ತದೆ. ಬ್ರೇಕಿನಿಂದ ಕಾಲು ತೆಗೆದರೆ ತಾನೇ ಸ್ಟಾರ್ಟ್ ಆಗುತ್ತದೆ. ಆದರೆ ಗೇರ್‌ಬಾಕ್ಸಿನೊಳಗಿನ ದೊಡ್ಡ ಪಂಪು ತಿರುಗುವುದು ಇಂಜಿನ್ನಿನ ಬಲದಿಂದ. ಇಂಜಿನ್ ನಿಂತರೆ ಅದೂ ನಿಂತಿತು, ಎಣ್ಣೆಯ ಒತ್ತಡ ಇಳಿಯಿತು, ಗೇರು ಹಿಡಿತ ಬಿಟ್ಟಿತು. ಆ ಅರ್ಧ ನಿಮಿಷ, ಒಂದು ನಿಮಿಷ ಒತ್ತಡ ಇಳಿಯದ ಹಾಗೆ ನೋಡಿಕೊಳ್ಳಲು ಬ್ಯಾಟರಿಯಿಂದ ಓಡುವ ಇನ್ನೊಂದು ಸಣ್ಣ ಪಂಪು. ಕಾಫಿ ಲೋಟಕ್ಕಿಂತ ಸ್ವಲ್ಪ ದೊಡ್ಡದು. ಈ ಗಾಡಿಯಲ್ಲಿ ಗೇರ್‌ಬಾಕ್ಸಿನ ಹೊರಮೈಗೆ ಮೂರು ಬೋಲ್ಟಿನಲ್ಲಿ ಕೂರುತ್ತದೆ. ಕೂರುವ ಮುಖದಲ್ಲಿ ಎರಡು ತೂತು, ಎಣ್ಣೆ ಎಳೆದುಕೊಳ್ಳಲು ಒಂದು, ತಳ್ಳಲು ಒಂದು. ಎರಡರ ಸುತ್ತಲೂ ಉಗುರಿನಂಚಿನಷ್ಟು ಆಳದ ಕಾಲುವೆ, ಕಾಲುವೆಯಲ್ಲಿ ಓ-ರಿಂಗ್ ಅನ್ನುವ ರಬ್ಬರ್ ಬಳೆ. ಮುಖ ಒರೆಸಿ, ಬಳೆಯನ್ನು ಎಣ್ಣೆಯಲ್ಲಿ ಅದ್ದಿ ಕೂರಿಸಿ, ಬೋಲ್ಟುಗಳನ್ನು ಮೊದಲು ಕೈಯಲ್ಲಿ, ಆಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಹತ್ತು ನ್ಯೂಟನ್ ಮೀಟರಿಗೆ ಬಿಗಿ ಮಾಡಬೇಕು. ಎಳೆದುಕೊಳ್ಳುವ ಕಡೆ ಒಂದು ಸೂಜಿಮೊನೆಯಷ್ಟು ಸಂದಿ ಇದ್ದರೂ ಪಂಪು ಎಣ್ಣೆ ಬಿಟ್ಟು ಗಾಳಿ ಕುಡಿಯುತ್ತದೆ.

ಕೂರಿಸಿದವನು ವೀರಭದ್ರ. ಗದಗದ ಕಡೆಯವನು, ನಲವತ್ತರ ಹತ್ತಿರದ ವಯಸ್ಸು. ಹೆಂಡತಿ, ಮಗಳ ಜೊತೆ ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದ. ಎರಡು ತಿಂಗಳ ಹಿಂದೆ ಅವನೇ ಒಂದು ಗಾಡಿಯ ಆಯಿಲ್ ಪ್ಲಗ್ ಬಿಗಿ ಮಾಡಲು ಮರೆತಿದ್ದ. "ಇನ್ನೊಂದು ಸಲ ಹೀಗಾದರೆ ನೀನೇ ಬೇರೆ ಕಡೆ ನೋಡ್ಕೋ" ಅಂತ ನಮ್ಮನೆಯವರು ಆವತ್ತೇ ಹೇಳಿದ್ದರು. ಅವರು ಕೂಗಾಡುವವರಲ್ಲ. ಹೇಳಿದ್ದನ್ನು ಮಾಡುವವರು. ಭಯ ಅದಕ್ಕೇ.

ಹನ್ನೊಂದೂವರೆಗೆ ವೀರಭದ್ರನೇ ಹೋಗಿ ಗಾಡಿಯನ್ನು ನಿಧಾನಕ್ಕೆ ಓಡಿಸಿಕೊಂಡು ಬಂದ. ಹಿಂದೆಯೇ, ತಾಗಿಸಿಕೊಂಡ ಆಟೋದಲ್ಲೇ ಮೇಡಂ ಬಂದಿಳಿದರು. ಡ್ರೈವರ್ ಕೋಲು ಎತ್ತಿಕೊಟ್ಟ.

"ನಿನ್ನ ಬಂಪರ್ ಏನಾಯ್ತು ನೋಡ್ಕೊಳ್ಳಪ್ಪ" ಅಂದರು ಮೇಡಂ.

"ಅದು ಮೊದಲೇ ಸೊಟ್ಟ ಇತ್ತು ಆಂಟಿ. ಈಗ ನೆಟ್ಟಗಾಗಿದೆ" ಅಂದು ಅವನು ಹೊರಟುಹೋದ. ಎರಡನೇ ಪುಣ್ಯ.

ಮೇಡಂ ಕುರ್ಚಿಯಲ್ಲಿ ಕೂತು ನಡೆದದ್ದನ್ನು ಪಾಠದ ಹಾಗೆ ಬಿಡಿಸಿ ಹೇಳಿದರು. ಏರಿನಲ್ಲಿ ಸಾಲು ನಿಂತಿತ್ತು, ಇಂಜಿನ್ ಆಫ್ ಆಯಿತು. ಮುಂದಿನ ಗಾಡಿ ಹೊರಟಿತು, ಇವರು ಬ್ರೇಕ್ ಬಿಟ್ಟರು, ಇಂಜಿನ್ ಸ್ಟಾರ್ಟ್ ಆಯಿತು, ಆದರೆ ಗಾಡಿ ಮುಂದೆ ಹೋಗುವ ಬದಲು ಹಿಂದೆ ಜಾರಿತು. ಎರಡು ಸೆಕೆಂಡ್. ಆಮೇಲೆ ಧಡ್ ಅಂತ ಹಿಡಿದುಕೊಂಡಿತು.

"ಇವತ್ತು ಆಟೋ ಇತ್ತು ಪ್ರಕಾಶ್" ಅಂದರು ನಮ್ಮನೆಯವರ ಕಡೆ ನೋಡಿ. "ಸ್ಕೂಟರಲ್ಲಿ ಮಗು ಕೂರಿಸಿಕೊಂಡವರು ಇದ್ದಿದ್ರೆ? ಯಾಕಾಯ್ತು ಅಂತ ನೀವು ಹೇಳೋವರೆಗೂ ನಾನು ಸ್ಟಿಯರಿಂಗ್ ಮುಟ್ಟಲ್ಲ."

ನಮ್ಮನೆಯವರು ಸ್ಕ್ಯಾನರ್ ಹಾಕಿ ಪಂಪನ್ನು ಓಡಿಸಿ ನೋಡಿದರು. ಮೋಟರ್ ಸರಿಯಾಗಿಯೇ ತಿರುಗುತ್ತಿತ್ತು. ಆದರೆ ಸದ್ದು ಬೇರೆ. ಎಣ್ಣೆ ಎಳೆಯುವ ಪಂಪು ಗುಂಯ್ ಅನ್ನಬೇಕು, ಇದು ಬರಿದಾದ ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ ಅನ್ನುತ್ತಿತ್ತು.

"ಗಾಳಿ" ಅಂದರು ವೀರಭದ್ರನನ್ನು ನೋಡಿ. "ಮುಖದಲ್ಲಿ ಏನೋ ಇದೆ. ಇಳಿಸು."

ನಾನು ಮೇಲೆ ಬಂದೆ. ಬಚ್ಚಲಿನ ದೀಪಗಳ ಮುಂದೆ ಕೂತೆ, ಎದ್ದೆ. ಅನ್ನಕ್ಕೆ ಇಟ್ಟೆ. ಮತ್ತೆ ಕೂತೆ. ಕೈ ಒಂದು ಕಡೆ ನಿಲ್ಲಲಿಲ್ಲ, ಯಾಕೆಂದರೆ ಬಲಗೈಯ ಉಂಗುರದ ಬೆರಳಿಗೆ ಏನೋ ನೆನಪಿತ್ತು.

ಆ ಪಂಪು ಬಂದ ದಿನ ಶ್ರಾವಣ ಸೋಮವಾರ. ಪೂಜೆ ತಡವಾಗಿತ್ತು. ಆರತಿ ತಟ್ಟೆಯಿಂದ ಗಂಧದಲ್ಲಿ ಕಲಸಿದ ಕುಂಕುಮವನ್ನು, ಅಂಟಿಕೊಂಡ ಒಂದು ಅಕ್ಷತೆಕಾಳಿನ ಸಮೇತ ಬೆರಳಿಗೆ ತೆಗೆದುಕೊಂಡೇ ಕೆಳಗೆ ಹೋಗಿದ್ದೆ. ಪಂಪನ್ನು ಆಗಲೇ ಯಾರೋ ಬಿಚ್ಚಿ ಟ್ರೇಗೆ ಇಟ್ಟಿದ್ದರು. ಮೇಲೆ ಕಂಡ ಕಡೆ ಬೊಟ್ಟು ಇಟ್ಟೆ. ಸಾಮಾನ್ಯವಾಗಿ ಮೇಲೆ ಕಾಣುವುದು ಮೋಟರಿನ ನುಣುಪಾದ ಬೆನ್ನು. ಆವತ್ತು ಬೆರಳಿಗೆ ಒಂದು ಕಾಲುವೆ ತಾಕಿತ್ತು. ತಾಕಿದ್ದು ಗೊತ್ತಾಗಿಯೂ, ಒಲೆಯ ಮೇಲೆ ಹಾಲಿದೆ ಅಂತ ಓಡಿ ಬಂದಿದ್ದೆ.

ಕುಕ್ಕರ್ ಎಷ್ಟು ವಿಷಲ್ ಹಾಕಿತೋ ಲೆಕ್ಕ ತಪ್ಪಿತು. ಮೆಟ್ಟಿಲ ಅರ್ಧಕ್ಕೆ ಇಳಿದೆ, ವಾಪಸ್ ಹತ್ತಿದೆ. ತಾಯಿ, ನಾನು ಅಂದುಕೊಂಡಿದ್ದು ಸುಳ್ಳಾಗಲಿ ಅಂತ ಬನಶಂಕರಮ್ಮನಿಗೆ ಹರಕೆ ಹೊರಲು ಬಾಯಿ ತೆರೆದವಳು ನಿಲ್ಲಿಸಿದೆ. ನನ್ನದು ಸುಳ್ಳಾಗಬೇಕಾದರೆ ವೀರಭದ್ರನ ತಪ್ಪು ನಿಜವಾಗಬೇಕು. ಅಂಥದ್ದನ್ನು ದೇವರ ಹತ್ತಿರ ಹೇಗೆ ಕೇಳುವುದು?

ಒಂದೂವರೆಗೆ ಕೆಳಗಿಳಿದಾಗ ಪಂಪು ಬೆಂಚಿನ ಮೇಲಿತ್ತು. ನಮ್ಮನೆಯವರು ಟಾರ್ಚ್ ಹಿಡಿದು ಸಣ್ಣ ಚಿಮಟದಿಂದ ಕಾಲುವೆ ಕೆರೆಯುತ್ತಿದ್ದರು. ಓ-ರಿಂಗ್ ಒಂದು ಕಡೆ ಕಚ್ಚಿದ ಹಾಗೆ ಹರಿದಿತ್ತು. ಕಾಲುವೆಯಿಂದ ಕೆಂಪು ಹಕ್ಕಳೆಯಂಥದ್ದು ಬಂತು, ಅದರೊಳಗೆ ನುಚ್ಚಾದ ಒಂದು ಕಾಳು. ಗೇರ್‌ಬಾಕ್ಸಿನ ಎಣ್ಣೆಯ ಬಣ್ಣವೂ ಕೆಂಪೇ. ಗೊತ್ತಿಲ್ಲದವರಿಗೆ ಕೊಳೆ ಅನ್ನಿಸಬೇಕು.

"ಇದನ್ನ ಇಟ್ಕೊಂಡೇ ರಿಂಗ್ ಕೂರಿಸಿದ್ದೀಯ" ಅಂದರು. "ಹೊಸ ರಬ್ಬರು ಒಂದು ವಾರ ತಡೆದುಕೊಂಡಿದೆ, ಆಮೇಲೆ ಹರಿದಿದೆ. ಮುಖ ಒರೆಸೋದು ಯಾರ ಕೆಲಸ?"

"ನಂದರೀ."

"ಒರೆಸಿದ್ಯಾ?"

ವೀರಭದ್ರ ನನ್ನ ಕಡೆ ಒಂದು ಸಲ ನೋಡಿದ. ತಲೆ ಬಗ್ಗಿಸಿದ.

"ಪ್ಲಗ್ ಆದಾಗಲೇ ಹೇಳಿದ್ದೆ. ಈ ಗಾಡಿ ಮುಗಿಸಿ ಕೊಡು. ನಾಳೆಯಿಂದ ಬರಬೇಡ."

ಅವನು "ಆತ್ರೀ" ಅಂದ, ಅಷ್ಟೇ. ಹೊಸ ರಿಂಗ್ ತೆಗೆಯಲು ಕಪಾಟಿನ ಕಡೆ ತಿರುಗಿದ. ಅವನ ಮಗಳು ಆ ವರ್ಷವೇ ಇಲ್ಲಿನ ಶಾಲೆಗೆ ಸೇರಿದ್ದಳು, ಇಲ್ಲಿನ ಮಾತು ಕಲಿತು "ಹೋಗ್ತೀನಿ ಆಂಟಿ" ಅನ್ನಲು ಶುರುಮಾಡಿದ್ದಳು. ಅದು ನೆನಪಾಯಿತು. ಮೇಡಂ ಕುರ್ಚಿಯಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರೆದುರು ನಿಜ ಹೇಳಿದರೆ ಗ್ಯಾರೇಜಿನ ಹೆಸರು ಹೋಗುತ್ತದೆ. ಹೇಳದಿದ್ದರೆ ಇವನು ಹೋಗುತ್ತಾನೆ.

"ಅದು ಕೊಳೆ ಅಲ್ಲಾರೀ" ಅಂದೆ. "ನಾನಿಟ್ಟ ಕುಂಕುಮ. ಅಕ್ಷತೆಕಾಳು ಒಂದು ಅಂಟಿಕೊಂಡಿತ್ತು. ಪಂಪು ಮುಖ ಮೇಲಾಗಿತ್ತು, ನಾನು ನೋಡಲಿಲ್ಲ. ನೋಡಲಿಲ್ಲ ಅಂದ್ರೂ ಸುಳ್ಳು. ಬೆರಳಿಗೆ ಗೊತ್ತಾಗಿತ್ತು."

ಚಿಮಟ ಹಿಡಿದ ಕೈ ಹಾಗೇ ನಿಂತಿತು. ನಮ್ಮನೆಯವರು ಕಾಳನ್ನು ಟಾರ್ಚಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ವೀರಭದ್ರನಿಗೆ ಕೇಳಿದರು, "ನಿನಗೆ ಕಂಡಿತ್ತಾ?"

"ಕಂಡಿತ್ತರೀ."

"ಮತ್ತೆ?"

"ಸುತ್ತ ಎಲ್ಲಾ ಒರಸೀನಿರೀ ಸಾಹೇಬ್ರ. ಬೊಟ್ಟು ಅಷ್ಟು ಬಿಟ್ಟೆ. ಅಕ್ಕಾರು ದೇವರ ಮುಂದಿಂದ ತಂದು ಹಚ್ಚಿದ ಕುಂಕುಮ. ಮುತ್ತೈದಿ ಕೈಯಾಗಿಂದು. ಅದನ್ನ ಬಟ್ಟಿಲೆ ಹೆಂಗ ಒರಸ್ಲಿರೀ? ಒಳಗ ಕಾಳು ಐತಿ ಅಂತ ಗೊತ್ತಾಗಲಿಲ್ಲ."

"ಈಗ ಕೇಳಿದಾಗ ಯಾಕೆ ಹೇಳಲಿಲ್ಲ?"

"ಅಕ್ಕಾರ ಮ್ಯಾಲೆ ಹೆಂಗ ಹೇಳ್ಲಿರೀ."

ನನ್ನ ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣದಿರಲೆಂದು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತೆ.

"ಚೆನ್ನಾಗಿದೆ" ಅಂದರು ನಮ್ಮನೆಯವರು ಕೊನೆಗೆ. "ಒಬ್ಬರು ದೇವರನ್ನ ರಿಂಗಿನಡಿ ಗ್ಯಾಸ್ಕೆಟ್ ಮಾಡಿದ್ರು, ಇನ್ನೊಬ್ಬ ಅದರ ಮೇಲೆ ಬೋಲ್ಟ್ ಹಾಕ್ದ. ನಾನು ಟಾರ್ಕ್ ಸರಿಯಾಗಿದೆ ಅಂತ ಟಿಕ್ ಹಾಕ್ದೆ. ಒಂದು ಸಲ ಮುಖ ತೋರಿಸು ಅಂತ ನಾನೂ ಕೇಳಲಿಲ್ಲ."

ಮೇಡಂ ಕೋಲೂರಿ ಎದ್ದು ಬೆಂಚಿನ ಹತ್ತಿರ ಬಂದರು. ಅವರು ಬೈಯಲಿ ಅಂತ ಕಾಯುತ್ತಿದ್ದೆ. ಬೈದರೆ ಹಗುರಾಗುತ್ತಿತ್ತು.

"ಗಿರಿಜಾ, ನನ್ನ ಕಾಲಿಗೆ ನಮ್ಮಮ್ಮ ಏನೇನು ಹಚ್ಚಿದ್ರು ಗೊತ್ತಾ? ಭಸ್ಮ, ಎಣ್ಣೆ, ತೀರ್ಥ. ಪ್ರೀತಿಯಿಂದಲೇ. ಡಾಕ್ಟರ್ ಕಟ್ಟಿದ ಪಟ್ಟಿ ಒಳಗೆ ಭಸ್ಮ ಸೇರಿ ಚರ್ಮ ಕಿತ್ತುಹೋಗಿತ್ತು. ಇಡಿ, ಬೇಡ ಅನ್ನಲ್ಲ. ಹೊರಗಡೆ ಇಡಿ." ಆಮೇಲೆ ನಮ್ಮನೆಯವರ ಕಡೆ ತಿರುಗಿದರು. "ನಾಳೆಯಿಂದ ಇವರು ಬರಲ್ಲ ಅಂದ್ರೆ, ಆ ನಿಯಮ ನಿಮ್ಮಿಬ್ಬರಿಗೂ ಅನ್ವಯಿಸ್ಬೇಕಾಗುತ್ತೆ. ಗ್ಯಾರೇಜ್ ಬೀಗ ಹಾಕೋಕೆ ಯಾರಿರ್ತಾರೆ?"

ನಮ್ಮನೆಯವರು ನಗಲಿಲ್ಲ. ಚಿಮಟ ಕೆಳಗಿಟ್ಟು, "ವೀರಭದ್ರ, ಎರಡೂ ರಿಂಗ್ ಹೊಸದು ಹಾಕು. ಮುಖ ಒರೆಸಿ ನನಗೆ ತೋರಿಸು. ನಾಳೆ ಒಂಬತ್ತಕ್ಕೆ ಬಾ" ಅಂದರು.

ಪಂಪಿನ ಒಳಗಿನ ಗೇರುಗಳಿಗೆ ಗೀರು ಬಿದ್ದಿರಲಿಲ್ಲ. ಮೂರನೇ ಪುಣ್ಯ. ವೀರಭದ್ರ ನೂಲು ಬಿಡದ ಬಟ್ಟೆ ತೆಗೆದುಕೊಂಡ. ಆದರೆ ಕಾಲುವೆಯಲ್ಲಿ ಉಳಿದ ಕೆಂಪು ಗೆರೆಯ ಹತ್ತಿರ ಬಂದಾಗ ಅವನ ಕೈ ಮತ್ತೆ ತಡೆಯಿತು. ನಾನೇ ಆ ಬಟ್ಟೆ ಇಸಿದುಕೊಂಡೆ. ನನ್ನ ಕೈಯಿಂದಲೇ ಒರೆಸಿದೆ, ಮನಸ್ಸಿನಲ್ಲಿ ತಾಯಿ ಕ್ಷಮಿಸು ಅನ್ನುತ್ತ. ಲೋಹ ಬೆಳ್ಳಗೆ ಹೊಳೆಯಿತು. ಏನೂ ಕೆಟ್ಟದ್ದಾಗಲಿಲ್ಲ.

ನಾಲ್ಕಕ್ಕೆ ಮೇಡಂ ತಾವೇ ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ಕೂರಲು ನಮ್ಮನೆಯವರು ಹೊರಟರೆ, "ನೀವಲ್ಲ, ಬೊಟ್ಟು ಇಟ್ಟೋರು ಬರಲಿ" ಅಂದರು. ಅದೇ ಏರು, ಸಾಲಿನಲ್ಲಿ ನಿಂತೆವು. ಇಂಜಿನ್ ಆಫ್ ಆಯಿತು. ಹಿಂದೆ ಸ್ಕೂಟರಿನಲ್ಲಿ ಒಬ್ಬ ಹೆಂಗಸು, ಮುಂದೆ ಸ್ಕೂಲ್‌ಬ್ಯಾಗ್ ನಿಲ್ಲಿಸಿಕೊಂಡಿದ್ದಳು. ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ನಾನು ಸೀಟನ್ನು ಗಟ್ಟಿಯಾಗಿ ಹಿಡಿದೆ. ಮೇಡಂ ಬ್ರೇಕ್ ಬಿಟ್ಟರು. ಗಾಡಿ ಒಂದಿಂಚೂ ಹಿಂದೆ ಹೋಗಲಿಲ್ಲ. ಎಳೆದಂತೆ ಮುಂದೆ ಸಾಗಿತು.

"ಉಸಿರು ಬಿಡಿ" ಅಂದರು ಮೇಡಂ.

ಈಗಲೂ ಹೊಸ ಪಾರ್ಟಿಗೆ ಬೊಟ್ಟು ಇಡುತ್ತೇನೆ. ಆದರೆ ಗಾಡಿ ಪೂರ್ತಿ ಜೋಡಿಸಿ, ಪರೀಕ್ಷೆ ಮುಗಿದು, ಹೊರಡುವ ಮುಂಚೆ, ಬಾನೆಟ್ಟಿನ ಮೇಲೆ. ಟ್ರೇಗೆ ಬರುವ ಮೊದಲು ಕೈ ಸೋಪಿನಲ್ಲಿ ತೊಳೆಯುತ್ತೇನೆ. ವೀರಭದ್ರ ಮುಖ ಒರೆಸಿದ ಮೇಲೆ ನಮ್ಮನೆಯವರಿಗೆ ತೋರಿಸುತ್ತಾನೆ, ಇವರು ಟಾರ್ಚ್ ಹಾಕಿ ನೋಡುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಎಣ್ಣೆ ಓಡುವ ದಾರಿಯಲ್ಲಿ ಏನೂ ಇರಬಾರದು, ದೇವರ ಹೆಸರಿನಲ್ಲಿ ಇಟ್ಟದ್ದೂ. ಮತ್ತೆ, ಬೆರಳಿಗೆ ಗೊತ್ತಾದದ್ದನ್ನು ಬಾಯಿ ಕೂಡಲೇ ಹೇಳಬೇಕು. ಹಾಲು ಉಕ್ಕಿದರೆ ಉಕ್ಕಲಿ.

ಆವತ್ತು ಮನೆಗೆ ಬಂದಾಗ ಐದು ದಾಟಿತ್ತು. ಬಚ್ಚಲಿನಲ್ಲಿ ದೀಪಗಳ ಮೇಲೆ ಹುಣಸೆಹಣ್ಣು ಒಣಗಿ ಕಪ್ಪಗೆ ಹಿಡಿದುಕೊಂಡಿತ್ತು. ಬಿಸಿನೀರು ಕಾಯಿಸಿ ತಂದು, ಸೆರಗು ಸಿಕ್ಕಿಸಿ, ಮೊದಲಿನಿಂದ ಉಜ್ಜಲು ಕೂತೆ.