ಹಗಲಿನ ಬಣ್ಣ, ದೀಪದ ಬಣ್ಣ

ಅಚ್ಚಾದ ಹಾಳೆಯನ್ನು ಕೈಗೆತ್ತಿಕೊಂಡವರು ಬರೆದವರನ್ನು ನೆನೆಯುತ್ತಾರೆ, ಚಿತ್ರ ಬಿಡಿಸಿದವರನ್ನು ಕೊಂಡಾಡುತ್ತಾರೆ, ತಪ್ಪು ಕಂಡರೆ ಮುದ್ರಕರನ್ನು ಬೈಯುತ್ತಾರೆ. ಮಸಿ ಕಲಸಿದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಾಗೆ ಯಾರೂ ಕೇಳದ ಕೆಲಸದಲ್ಲಿ ಮೂರು ದಶಕಗಳಿಗೂ ಮಿಕ್ಕಿ ತಲೆಯೆತ್ತಿ ನಿಂತು, ಮುದ್ರಣಶಾಯಿಯ ವಿಷಯದಲ್ಲಿ ತಮ್ಮ ಮಾತೇ ಕೊನೆಯ ಮಾತೆಂದು ಯಜಮಾನರಿಂದ ಹಿಡಿದು ಯಂತ್ರ ಒರೆಸುವವರವರೆಗೆ ಎಲ್ಲರಿಂದಲೂ ಒಪ್ಪಿಸಿಕೊಂಡು, ಈಗ ನಿವೃತ್ತರಾಗಿರುವ ನಮ್ಮ ಅಚ್ಚುಕೂಟದ ಶಾಯಿ ವಿಭಾಗದ ಮುಖ್ಯಸ್ಥೆ ನಮ್ಮೆಲ್ಲರಿಗೂ ಮಸಿಯಕ್ಕ. ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದ ಯಜಮಾನರೂ ಹಾಗೆಯೇ ಕರೆಯುತ್ತಾರೆ.

ರಸಾಯನಶಾಸ್ತ್ರದ ಪದವಿ ಹಿಡಿದು ಅವರು ಬಂದಾಗ ಇಲ್ಲಿ ಸೀಸದ ಅಕ್ಷರಮೊಳೆ ಜೋಡಿಸಿ ಅಚ್ಚೊತ್ತುವ ಕಾಲ ಮುಗಿಯುತ್ತ ಬಂದಿತ್ತು. ಉಬ್ಬಿದ ಅಕ್ಷರದ ತಲೆಗೆ ಮೆತ್ತಿಕೊಳ್ಳಬೇಕಾದ ಆ ಮಸಿ ಜೇನಿಗಿಂತ ಗಟ್ಟಿ. ಆಮೇಲೆ ಆಫ್‌ಸೆಟ್ ಬಂತು. ಅಲ್ಲಿ ಎಣ್ಣೆಗೂ ನೀರಿಗೂ ಒಗ್ಗುವುದಿಲ್ಲವೆಂಬ ಒಂದೇ ಗುಣದ ಮೇಲೆ ಇಡೀ ಕೆಲಸ ನಿಂತಿದೆ. ಚಪ್ಪಟೆ ತಗಡಿನಲ್ಲಿ ನೀರು ಹಿಡಿದ ಕಡೆ ಮಸಿ ಹತ್ತುವುದಿಲ್ಲ, ಹತ್ತಿದ ಮಸಿ ರಬ್ಬರ್ ಹೊದಿಕೆಗೂ ಅಲ್ಲಿಂದ ಕಾಗದಕ್ಕೂ ಇಳಿಯುತ್ತದೆ. ಪ್ಲಾಸ್ಟಿಕ್ ಹಾಳೆಗಳಿಗೆಂದು ಗ್ರೇವ್ಯೂರ್ ಬಂದಾಗ, ಉರುಳೆಯಲ್ಲಿ ಕೊರೆದ ಪುಟ್ಟ ಗುಳಿಗಳನ್ನು ತುಂಬುವ ಹಾಲಿನಷ್ಟು ತೆಳುವಾದ ಮಸಿಯನ್ನು ಪಳಗಿಸಬೇಕಾಯಿತು. ಸಾಗಣೆಯ ರಟ್ಟಿನ ಡಬ್ಬಗಳಿಗೆ ಮೆತ್ತನೆಯ ರಬ್ಬರ್ ಅಚ್ಚಿನ ಫ್ಲೆಕ್ಸೊ, ಫಲಕಗಳಿಗೆ ಜಾಲರಿಯ ಮೂಲಕ ಮಸಿ ಒತ್ತುವ ಸ್ಕ್ರೀನ್ ಮುದ್ರಣ. ಒಂದೊಂದು ಬಂದಾಗಲೂ ಹಳಬರು ಕೈಚೆಲ್ಲಿದರು. ಮಸಿಯಕ್ಕ ಟೊಂಕ ಕಟ್ಟಿ ನಿಂತರು.

ಹಟದಲ್ಲಿ ಅವರನ್ನು ಮೀರಿಸುವವರಿಲ್ಲ. ಗ್ರೇವ್ಯೂರ್ ಮಸಿಯ ಘಾಟಿಗೆ ಕೆಲಸಗಾರರ ತಲೆ ಸಿಡಿಯುತ್ತಿದ್ದಾಗ, ಗಾಳಿ ಹೊರಗೆಳೆಯುವ ಫ್ಯಾನು ಬರುವವರೆಗೆ ಒಂದು ಡಬ್ಬಿಯ ಮುಚ್ಚಳವನ್ನೂ ತೆಗೆಯುವುದಿಲ್ಲವೆಂದು ಮಸಿಯ ಕೋಣೆಗೆ ಬೀಗ ಜಡಿದು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತರು. ಫ್ಯಾನು ಬಂತು. ಹಿರಿಯ ಮೆಷಿನ್‌ಮ್ಯಾನ್‌ನ ತಂದೆ ಆಸ್ಪತ್ರೆಯಲ್ಲಿದ್ದಾಗ ಅವನನ್ನು ಗದರಿಸಿ ಅಲ್ಲಿಗೆ ಅಟ್ಟಿ, ಅವನ ಯಂತ್ರದ ಮುಂದೆ ತಾವೇ ನಿಂತವರೂ ಇವರೇ.

ಬಣ್ಣ ಹೊಂದಿಸುವುದರಲ್ಲಿ ಅವರದೊಂದು ಕಟ್ಟಳೆ ಇತ್ತು. ಕಲಸಿದ ಮಸಿಯನ್ನು ಬೆರಳ ತುದಿಯಲ್ಲಿ ತೆಗೆದು, ಅಚ್ಚಿಗೆ ಹೋಗುವ ಕಾಗದದ ಚೂರಿನ ಮೇಲೆಯೇ ತಟ್ಟಿ ತಟ್ಟಿ ತೆಳುವಾಗಿಸಿ, ಬಾಗಿಲಿಗೆ ಬಂದು ಹಗಲ ಬೆಳಕಿಗೆ ಹಿಡಿಯಬೇಕು. ಟ್ಯೂಬ್‌ಲೈಟಿನಡಿ ಒಂದೇ ಎನಿಸಿದ ಎರಡು ಬಣ್ಣಗಳು ಹೊರಗೆ ಬೇರೆಯಾಗಿ ಕಾಣುವುದುಂಟು. ಹಾಗಾಗಿ ಹೊಸ್ತಿಲು ದಾಟದ ಬಣ್ಣ ಯಂತ್ರ ಹತ್ತುವಂತಿರಲಿಲ್ಲ. ಮೋಡ ಕವಿದ ದಿನ ಯಂತ್ರದವರು ಆಕಾಶ ನೋಡುತ್ತ, ಮಸಿಯಕ್ಕನನ್ನಾದರೂ ಒಪ್ಪಿಸಬಹುದು, ಸೂರ್ಯನನ್ನು ಯಾರು ಒಪ್ಪಿಸುತ್ತಾರೆ ಎಂದು ಗೊಣಗುತ್ತಿದ್ದರು. ಈ ಕಟ್ಟಳೆಯೇ ಒಮ್ಮೆ ಅವರಿಗೆ ಕೈಕೊಟ್ಟಿತು.

ಔಷಧ ಕಂಪನಿಯೊಂದಕ್ಕೆ ಜ್ವರದ ಸಿರಪ್ಪಿನ ಪೆಟ್ಟಿಗೆಗಳನ್ನು ಅಚ್ಚು ಹಾಕಬೇಕಿತ್ತು, ಮಕ್ಕಳದೊಂದು, ದೊಡ್ಡವರದೊಂದು. ಎರಡೂ ಬಿಳಿ, ದೊಡ್ಡವರದರ ಮೇಲೆ ಮಾತ್ರ ತೆಳುಹಳದಿಯ ಪಟ್ಟಿ. ಕಂಪನಿಯವರು ಮಾದರಿಗೆ ಸಹಿ ಹಾಕಿದ್ದರು, ಮಸಿಯಕ್ಕ ಹೊಸ್ತಿಲಲ್ಲಿ ನೋಡಿ ಮೆಚ್ಚಿದ್ದರು, ಯಂತ್ರ ಓಡತೊಡಗಿತ್ತು. ಚೆನ್ನಾಗಿ ಬಂದ ಕೆಲಸವನ್ನು ಅತ್ತೆಗೆ ತೋರಿಸುವುದು ಅವರ ರೂಢಿಯಾದ್ದರಿಂದ ಸಂಜೆ ಎರಡು ಖಾಲಿ ಪೆಟ್ಟಿಗೆಗಳನ್ನು ಮನೆಗೆ ಒಯ್ದರು. ಟ್ಯೂಬ್‌ಲೈಟು ಕಣ್ಣಿಗೆ ಚುಚ್ಚುತ್ತದೆಂದು ಅತ್ತೆಯ ಕೋಣೆಯಲ್ಲಿ ಹಳೆಯ ಹಳದಿ ಬಲ್ಬೇ ಉಳಿದಿತ್ತು. ಪಟ್ಟಿಯ ಬಣ್ಣ ನೋಡಿ ಎಂದು ಸೊಸೆ ಹೆಮ್ಮೆಯಿಂದ ಕೊಟ್ಟ ಪೆಟ್ಟಿಗೆಗಳನ್ನು ಅತ್ತೆ ತಿರುಗಿಸಿ ತಿರುಗಿಸಿ ನೋಡಿದರು.

"ಯಾವ ಪಟ್ಟಿ ಕಣೇ? ಎರಡೂ ಬಿಳೀನೇ ಅಲ್ವಾ."

ಮಸಿಯಕ್ಕ ಬಗ್ಗಿ ನೋಡಿದರು. ಹಳದಿ ಬೆಳಕಿನಲ್ಲಿ ಬಿಳಿಯೂ ಹಳದಿಯೇ. ತೆಳುವಾದ ಪಟ್ಟಿ ಅದರಲ್ಲಿ ಕರಗಿಹೋಗಿತ್ತು. ಜ್ವರ ಬಂದ ಮಗುವಿಗೆ ಯಾರೂ ಹೊಸ್ತಿಲಿಗೆ ಬಂದು ಔಷಧ ಕುಡಿಸುವುದಿಲ್ಲ, ಇಂಥದೇ ಬಲ್ಬಿನಡಿ ಹಾಸಿಗೆಯ ಪಕ್ಕದಲ್ಲಿ ಕುಡಿಸುತ್ತಾರೆ. ಕೈಗೆ ದೊಡ್ಡವರ ಔಷಧವೇ ಸಿಕ್ಕರೂ ಗೊತ್ತಾಗುವುದಿಲ್ಲ.

ಮರುದಿನ ಬೆಳಿಗ್ಗೆ ಬಂದವರೇ ಯಂತ್ರ ನಿಲ್ಲಿಸಿದರು. ಯಜಮಾನರ ಕಷ್ಟವೂ ಸುಳ್ಳಲ್ಲ. ಪೆಟ್ಟಿಗೆ ವಿಭಾಗ ನಡೆಯುತ್ತಿದ್ದುದೇ ಆ ಕಂಪನಿಯ ಕೆಲಸದಿಂದ. ಕಂಪನಿಯವರು ಮುನಿಸಿಕೊಂಡರೆ ವಿಭಾಗಕ್ಕೆ ಬೀಗ, ಅಲ್ಲಿನವರು ಮನೆಗೆ. ಮಾದರಿಗೆ ಸಹಿ ಹಾಕಿದವರು ಅವರು, ನಮಗೇಕೆ ಉಸಾಬರಿ ಎಂದು ಯಜಮಾನರು ಮೆತ್ತಗೆ ಕೇಳಿದರು.

"ಸಹಿ ಅವರದ್ದು, ಮಸಿ ನಮ್ಮದು. ನೋಡಿ ಸರಿ ಅಂದಿದ್ದು ನಾನು. ತಪ್ಪು ನಂದು, ನಿಲ್ಲಿಸೋದೂ ನಾನೇ."

ಕಂಪನಿಯ ಅಧಿಕಾರಿ ಕೆಂಡವಾಗಿ ಬಂದರು. ಮಸಿಯಕ್ಕ ವಾದಕ್ಕೇ ಇಳಿಯಲಿಲ್ಲ. ಅವರನ್ನು ಕಿಟಕಿಯಿಲ್ಲದ ಕಾಗದದ ಕೋಣೆಗೆ ಕರೆದೊಯ್ದು, ಅತ್ತೆಯ ಕೋಣೆಯಿಂದ ಬಿಚ್ಚಿ ತಂದಿದ್ದ ಬಲ್ಬನ್ನು ಹೊತ್ತಿಸಿ, ಎರಡು ಪೆಟ್ಟಿಗೆ ಮುಂದಿಟ್ಟು, ಮಕ್ಕಳದು ಯಾವುದೆಂದು ಕೇಳಿದರು. ಅಧಿಕಾರಿ ಕಣ್ಣು ಕಿರಿದು ಮಾಡಿ, ಮೇಲೆ ಬರೆದಿದೆಯಲ್ಲ, ಓದಿ ಹೇಳುತ್ತೇನೆ ಎಂದರು.

"ಓದೋಕೆ ಬರದೇ ಇರೋರು ಏನು ನೋಡಿ ಕುಡಿಸ್ಬೇಕು ಸರ್?"

ಅಧಿಕಾರಿ ಎರಡೂ ಪೆಟ್ಟಿಗೆಗಳನ್ನು ಬಲ್ಬಿನ ಹತ್ತಿರಕ್ಕೆ ಹಿಡಿದು ನೋಡಿದರು. ಆಮೇಲೆ, "ನಮ್ಮಮ್ಮಂಗೂ ಓದೋಕೆ ಬರ್ತಿರ್ಲಿಲ್ಲ," ಎಂದರು.

ಹಳದಿ ಪಟ್ಟಿ ಹೋಗಿ ಅಗಲವಾದ ಕಡುಹಸಿರು ಪಟ್ಟಿ ಬಂತು. ಕಂಪನಿಯ ಕೆಲಸ ನಮ್ಮಲ್ಲೇ ಉಳಿಯಿತು. ಕೆಟ್ಟ ಪೆಟ್ಟಿಗೆಯೊಂದೂ ಹೊರಗೆ ಹೋಗಬಾರದೆಂದು, ಅಷ್ಟೂ ರಾಶಿ ಕತ್ತರಿ ಯಂತ್ರದ ಬಾಯಿಗೆ ಬೀಳುವವರೆಗೆ ಮಸಿಯಕ್ಕ ಪಕ್ಕದಿಂದ ಕದಲಲಿಲ್ಲ. ಅಂದಿನಿಂದ ಪ್ರತಿ ಬಣ್ಣವೂ ಹೊಸ್ತಿಲು ದಾಟಿ ಬಂದು ಹಳದಿ ಬಲ್ಬಿನಡಿಯೂ ನಿಲ್ಲಬೇಕಾಯಿತು. ಹೊಸಬರು ಕಾರಣ ಕೇಳಿದರೆ ತಮ್ಮ ತಪ್ಪನ್ನೇ ಮೊದಲ ಪಾಠವಾಗಿ ಹೇಳುತ್ತಿದ್ದರು. ಅತ್ತೆಗೆ ಹೊಸ ಬಲ್ಬು ತಂದುಕೊಟ್ಟರಾದರೂ, ಹಳೆಯದರ ಬೆಳಕೇ ಬೇರೆಯಿತ್ತೆಂಬ ದೂರು ಇಂದಿಗೂ ನಿಂತಿಲ್ಲ.

ಅವರ ನಿವೃತ್ತಿಗೆಂದು ನಾವು ಹೊರತಂದಿರುವ ಈ ಅಭಿನಂದನ ಸಂಪುಟದ ಬಗ್ಗೆ ಒಂದು ಮಾತು. ಅವರಿಗೆ ತಿಳಿಯದಂತೆ ಸಿದ್ಧಪಡಿಸಬೇಕೆಂದು, ಬಲ್ಬಿನ ಬಳಿ ಸುಳಿಯದೆ, ಕೆನೆಬಣ್ಣದ ಹೊದಿಕೆಯ ಮೇಲೆ ನಸುಹೊಂಬಣ್ಣದಲ್ಲಿ ಅವರ ಹೆಸರು ಮೂಡಿಸಿದ್ದೆವು. ಹೊಸ್ತಿಲಲ್ಲಿ ಹಿಡಿದರೆ ಕಣ್ಣು ತುಂಬುವಷ್ಟು ಚೆನ್ನಾಗಿತ್ತು. ಅಚ್ಚುಕೂಟದಲ್ಲಿ ಮಸಿಯಕ್ಕನ ಕಣ್ಣು ತಪ್ಪಿಸಿ ಗುಟ್ಟು ಉಳಿಯುವುದುಂಟೆ? ನಿವೃತ್ತಿಗೆ ಇನ್ನೆರಡು ದಿನವಿದ್ದಾಗ ಯಂತ್ರದಿಂದ ಒಂದು ಹಾಳೆ ಎಳೆದುಕೊಂಡು ನೇರ ಬಲ್ಬಿನಡಿಗೆ ಹೋದರು. ಅವರ ಸಂತೋಷ ನೋಡೋಣವೆಂದು ನಾವೆಲ್ಲ ಹಿಂದೆಯೇ ಹೋದೆವು.

"ಯಾರ ಪುಸ್ತಕ ಇದು? ಹೆಸರೇ ಇಲ್ವಲ್ಲ," ಎಂದು ಕೇಳಿ, ಹೋಗಿ ಯಂತ್ರ ನಿಲ್ಲಿಸಿದರು.

ಸಂಪುಟ ತಡವಾದುದಕ್ಕೆ ಓದುಗರು ಕ್ಷಮಿಸಬೇಕು. ಹೊದಿಕೆಯ ಮೇಲಿನ ಹೆಸರು ಈಗ ಕಡುಹಸಿರಿನಲ್ಲಿದೆ. ಯಾವ ಮನೆಯ ಯಾವ ದೀಪದಡಿ ಹಿಡಿದರೂ ಕಾಣುತ್ತದೆ. ಆ ಹೆಸರಿನವರು ನೂರು ಕಾಲ ಬಾಳಲಿ, ಅವರ ಕಣ್ಣು ಇಷ್ಟೇ ಚುರುಕಾಗಿರಲಿ. ನಿವೃತ್ತಿಯಾಯಿತೆಂದು ಮನೆಯಲ್ಲಿ ಕೂರದೆ, ಆಗಾಗ ಬಂದು ನಮ್ಮ ಯಂತ್ರಗಳನ್ನು ನಿಲ್ಲಿಸುತ್ತಿರಲಿ.