ಮಾಧವಣ್ಣನ ಒಂದು ಬಾಲು

ಭಾನುವಾರ ಬೆಳಿಗ್ಗೆ ತಮ್ಮನ ಮನೆಯ ಸೋಫಾದಲ್ಲಿ ಕುಳಿತಿದ್ದೆ. ಒಳಗಿನಿಂದ ಇಂಗಿನ ಒಗ್ಗರಣೆಯ ವಾಸನೆ ಬಂತು. ಬೇರೆಯವರಾದರೆ ಆಹಾ ಎನ್ನುತ್ತಾರೆ. ನಾನು ಇಂಗು ಅಸಲಿಯೋ ಮೈದಾ ಬೆರೆಸಿದ್ದೋ ಎಂದು ಮೂಗೆತ್ತಿ ವಿಚಾರಣೆ ಶುರುಮಾಡಿದೆ. ಏನು ಮಾಡಲಿ, ಹೋಟೆಲಿನವರ ಮಗ. ನಮ್ಮಪ್ಪ ಉಡುಪಿ ಕಡೆಯಿಂದ ಮದರಾಸಿಗೆ ಬಂದು, ರಾಯಪುರಂನಲ್ಲಿ ಬಂದರಿಗೆ ಹೋಗುವ ದಾರಿಯಲ್ಲಿ ಹೋಟೆಲು ಇಟ್ಟಿದ್ದರು. ಹಾಲಿನಲ್ಲಿ ನೀರು, ತುಪ್ಪದಲ್ಲಿ ವನಸ್ಪತಿ, ಮೆಣಸಿನ ಪುಡಿಯಲ್ಲಿ ಇಟ್ಟಿಗೆ ಪುಡಿ, ಇವನ್ನು ಹಿಡಿಯುವುದನ್ನು ನೋಡುತ್ತಲೇ ನಾನು ಬೆಳೆದದ್ದು. ನಂಬಿಕೆ ಎನ್ನುವುದು ನಮ್ಮಲ್ಲಿ ದೇವರಿಗೆ ಮಾತ್ರ ಮೀಸಲು. ದೇವರ ದೀಪದ ಎಣ್ಣೆಯನ್ನೂ ಅಪ್ಪ ಒಮ್ಮೆ ಮೂಸಿಯೇ ಹಾಕುತ್ತಿದ್ದರು.

ಅಷ್ಟರಲ್ಲಿ ತಮ್ಮನ ಮಗಳು ಶ್ರುತಿ ಫೋನು ಹಿಡಿದುಕೊಂಡು ಪಕ್ಕದಲ್ಲಿ ಬಂದು ಕುಳಿತಳು. ಅವಳ ಆಫೀಸಿನಲ್ಲಿ ಏನೋ ಸ್ಪರ್ಧೆಯಂತೆ, ಸಾರ್ವಕಾಲಿಕ ಶ್ರೇಷ್ಠ ಕ್ರಿಕೆಟಿಗರ ಒಂದು ತಂಡ ಕಟ್ಟಬೇಕಂತೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಹುಡುಗಿ ಅವಳು. ಒಂದು ಹಳೆಯ ಮುಖದ ಮೇಲೆ ಬೆರಳಿಟ್ಟು, "ದೊಡ್ಡಪ್ಪಾ, ಇವರುಕ್ಕು ಸ್ಟ್ರೈಕ್ ರೇಟೇ ಇಲ್ಲೈಯೇ. ತೂಕ್ಕಿಡಟ್ಟುಮಾ?" ಎಂದಳು. ತೆಗೆದು ಹಾಕಿಬಿಡಲಾ ಎಂದು ಅದರ ಅರ್ಥ.

"ಬೇಡ," ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ನಾನು ಯಾರ ಪರವಾಗಿಯೂ ಹಾಗೆಲ್ಲ ಬಾಯಿ ಹಾಕುವವನಲ್ಲ.

ಆ ಬ್ಯಾಟ್ಸ್‌ಮನ್ನನ ಹೆಸರನ್ನು ನಿಮಗೂ ಹೇಳುವುದಿಲ್ಲ. ಹೇಳಿದರೆ ನೀವು ನಿಮ್ಮವನೊಬ್ಬನನ್ನು ಎತ್ತಿಕೊಂಡು ಜಗಳಕ್ಕೆ ಬರುತ್ತೀರಿ, ನನಗೆ ಗೊತ್ತು. ಇಷ್ಟು ವರ್ಷ ಈ ಜಗಳಗಳನ್ನು ಕೇಳಿ ನಾನು ಕಲಿತದ್ದು ಒಂದೇ. ಯಾರಾದರೂ ಒಬ್ಬ ಆಟಗಾರನನ್ನು ಮಹಾನ್ ಎಂದರೆ ಆಟಗಾರನನ್ನು ಬಿಡಿ, ಹೇಳಿದವನ ಮುಖ ನೋಡಿ. ಅವನು ಅದೇ ಊರಿನವನೋ, ಅದೇ ಜಾತಿಯವನೋ, ಚಿಕ್ಕಂದಿನಲ್ಲಿ ಅದೇ ಆಟಗಾರನ ಹಾಗೆ ಕ್ರಾಪು ಬಿಟ್ಟಿದ್ದನೋ, ಏನಾದರೊಂದು ಇದ್ದೇ ಇರುತ್ತದೆ. ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ. ಟಿವಿಯಲ್ಲಿ ಕೋಟು ಹಾಕಿಕೊಂಡು ಶ್ರೇಷ್ಠರನ್ನು ಆರಿಸುವವರ ಮೇಲಂತೂ ನನಗೆ ಇನ್ನೂ ಗುಮಾನಿ. ಅವರ ಆಯ್ಕೆಯಲ್ಲಿ ಅವರ ಜೊತೆ ಆಡಿದವರೇ ಯಾಕೆ ತುಂಬಿರುತ್ತಾರೆ ಸ್ವಾಮಿ?

ಈ ವಿದ್ಯೆಯೂ ಅಪ್ಪನದೇ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ಶುರುವಾಗುವ ಮೊದಲು ಹೋಟೆಲಿನಲ್ಲಿ ಒಂದು ಸುಮ್ಮನಿರುವ ಹೊತ್ತು ಇರುತ್ತಿತ್ತು. ಮೂಲೆಯ ಬೆಂಚಿನಲ್ಲಿ ಬಂದರಿನ ಗುಮಾಸ್ತರು, ರೇಡಿಯೊ, ನಡುವೆ ಅಪ್ಪ. ಯಾರಾದರೂ ಶತಕ ಹೊಡೆದರೆ ಬೆಂಚೆಲ್ಲ ಕುಣಿಯುತ್ತಿತ್ತು. ಅಪ್ಪ ಮಾತ್ರ ಕಾಫಿ ಡಿಕಾಕ್ಷನ್ನಿಗೆ ಚಿಕೋರಿ ಎಷ್ಟು ಬಿದ್ದಿದೆ ಎಂದು ನೋಡುವ ಕಣ್ಣಿನಲ್ಲೇ ಕೇಳುತ್ತಿದ್ದರು: "ಪಿಚ್ಚು ಯಾರ ಊರಿದ್ದು? ಮೊದಲು ಕ್ಯಾಚ್ ಬಿಟ್ಟದ್ದು ಎಷ್ಟು? ಆ ಅಂಪೈರ್ ಎಲ್ಲಿಯವ?" ಸ್ವಂತ ಊರಿನ ಪಿಚ್ಚಿನಲ್ಲಿ ಹೊಡೆದ ನೂರು ಅವರಿಗೆ ಮಾವನ ಮನೆಯಲ್ಲಿ ಅಳಿಯ ಹೊಗಳಿಸಿಕೊಂಡ ಹಾಗೆ. ಲೆಕ್ಕಕ್ಕಿಲ್ಲ. ಅಪ್ಪ ದೊಡ್ಡವನೆಂದು ಒಪ್ಪಿದ ಒಬ್ಬನೇ ಒಬ್ಬ ಕ್ರಿಕೆಟಿಗನನ್ನೂ ಆ ಬೆಂಚು ಕಂಡಿರಲಿಲ್ಲ.

ಅವರ ಮುಖ್ಯ ಎದುರಾಳಿ ಅಡುಗೆಮನೆಯಲ್ಲಿದ್ದ. ಮಾಧವಣ್ಣ, ನಮ್ಮ ಅಡುಗೆಯವನು, ಬಾರ್ಕೂರು ಕಡೆಯವನು. ಅವನದು ಒಂದೇ ಹಟ. ನಾನು ಹೆಸರು ಹೇಳದ ಆ ಬ್ಯಾಟ್ಸ್‌ಮನ್ನನಷ್ಟು ದೊಡ್ಡವನು ಭೂಮಿಯ ಮೇಲೆ ಹುಟ್ಟಿಲ್ಲ. ಹಟಕ್ಕೆ ಕಾರಣವಿತ್ತು. ಹರೆಯದಲ್ಲಿ ಅವನು ಆಟಗಾರರ ಅಭ್ಯಾಸದ ಮೈದಾನಕ್ಕೆ ಟಿಫಿನ್ ಕ್ಯಾರಿಯರ್ ಒಯ್ಯುತ್ತಿದ್ದನಂತೆ. ಒಂದು ದಿನ ಬೌಲಿಂಗಿಗೆ ಜನ ಕಡಿಮೆಯಾಗಿ, ಯಾರೋ ಇವನ ಕೈಗೆ ಬಾಲು ಕೊಟ್ಟರಂತೆ. ಇವನು ಪಂಚೆ ಎತ್ತಿ ಕಟ್ಟಿ ಓಡಿಬಂದು ಒಂದು ಬಾಲು ಹಾಕಿದನಂತೆ. ಮಧ್ಯದ ಸ್ಟಂಪು ಮಲಗಿತಂತೆ. ಈ ಅಂತೆಗಳೆಲ್ಲ ಅಪ್ಪನ ಕಾಣಿಕೆ. ಮಾಧವಣ್ಣನ ಕಥೆಯಲ್ಲಿ ಒಂದು ಅಂತೆಯೂ ಇರಲಿಲ್ಲ.

"ಕಂಡವರು ಯಾರುಂಟು ಮಾಧವಾ?" ಅಪ್ಪ ಕೆಣಕುತ್ತಿದ್ದರು.

"ಕಂಡವರೆಲ್ಲ ದೊಡ್ಡ ಜನ ಧನಿಗಳೆ. ಅವರನ್ನು ಇಲ್ಲಿಗೆ ಕರೀಲಿಕ್ಕೆ ಆಗ್ತದಾ?"

"ಟಿಫಿನ್ ಕ್ಯಾರಿಯರನ್ನೇ ಸಾಕ್ಷಿಗೆ ಕರೆಸುವನಾ ಹಾಗಾದ್ರೆ?"

ಬೆಂಚು ಹೋ ಎಂದು ನಗುತ್ತಿತ್ತು. ಮಾಧವಣ್ಣ ಬೈರಾಸಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗುತ್ತಿದ್ದ. ಹಿಂದಿನಿಂದ ಅಪ್ಪ ನನ್ನ ಕಿವಿಯಲ್ಲಿ, "ಅವ ದೊಡ್ಡವ ಆದ್ರೆ ತಾನೆ ಇವ ದೊಡ್ಡವ ಆಗುದು? ಹೊಗಳುವವನ ಹೊಟ್ಟೆಯೊಳಗೆ ಎಂತ ಉಂಟೂಂತ ನೋಡ್ಬೇಕು," ಎನ್ನುತ್ತಿದ್ದರು. ನನಗೂ ಹೌದೆನಿಸುತ್ತಿತ್ತು. ಆದರೆ ಒಂದು ಮಾತು ಹೇಳಬೇಕು. ಊರಿನಲ್ಲಿ ಮಾಧವಣ್ಣನಿಗೆ ಗದ್ದೆಯಿಲ್ಲ, ಮನೆಯಿಲ್ಲ, ಬೆಂಕಿಯ ಮುಂದೆ ನಿಂತು ನಿಂತು ಕಾಲೆಲ್ಲ ನರ ಗಂಟುಕಟ್ಟಿತ್ತು. ಅವನ ಹೆಂಡತಿ ಕೂಡ ಅವನನ್ನು ಯಾರಿಗಾದರೂ ಪರಿಚಯಿಸುವಾಗ ಮೊದಲು ಹೇಳುತ್ತಿದ್ದದ್ದು ಆ ಬಾಲಿನ ಸುದ್ದಿಯನ್ನೇ. ಅದೊಂದು ಹೋದರೆ ಅವನ ಹತ್ತಿರ ಇನ್ನೇನೂ ಇರಲಿಲ್ಲ.

ಹೀಗಿರುವಾಗ ಒಂದು ದಿನ ಮಾಧವಣ್ಣನ ದೇವರು, ಆ ಬ್ಯಾಟ್ಸ್‌ಮನ್ನನೇ, ಬಂದುಬಿಟ್ಟ. ಬಂದರಿನ ಕೆಲಸಗಾರರ ಪಂದ್ಯಕ್ಕೆ ಬಹುಮಾನ ಕೊಡಲು ಕರೆಸಿದ್ದರು. ಆಟ ಬಿಟ್ಟು ಬಹಳ ಕಾಲವಾಗಿತ್ತು, ಕೂದಲು ನರೆತಿತ್ತು. ಬೆಳಿಗ್ಗೆ ಮೊದಲ ಇಡ್ಲಿಗೆ ನಮ್ಮಲ್ಲಿಗೇ ಕರೆತರುತ್ತೇವೆಂದು ಹಿಂದಿನ ಸಂಜೆಯೇ ಹೇಳಿಕಳಿಸಿದ್ದರು.

ಸುದ್ದಿ ಕೇಳಿ ಮಾಧವಣ್ಣ ಕುಣಿಯುತ್ತಾನೆಂದು ನಾನೆಣಿಸಿದ್ದೆ. ಅವನ ಮುಖ ಬಿಳುಚಿತು. "ಧನಿಗಳೆ, ನಾನು ಹೊರಗೆ ಬರುದಿಲ್ಲ," ಎಂದ.

"ಎಂತಕ್ಕೆ? ಹೆದರಿಕೆಯಾ?"

"ಅವರಿಗೆ ನೆನಪಿಲ್ಲಾಂತ ಆದ್ರೆ?"

ಕಳ್ಳ ಸಿಕ್ಕಿಬಿದ್ದ ಎಂದು ನನ್ನ ಮನಸ್ಸು ಆಗಲೇ ತೀರ್ಪು ಬರೆಯಿತು.

ಇಲ್ಲಿ ನಮ್ಮ ಹೋಟೆಲಿನ ಒಂದು ಕಟ್ಟಳೆ ಹೇಳಬೇಕು. ಬೆಳಗಿನ ಮೊದಲ ಅಡುಗೆಯನ್ನು ಒಲೆಯ ಮೇಲಿನ ಗೂಡಿನಲ್ಲಿರುವ ಕೃಷ್ಣನ ಪಟದ ಮುಂದೆ ಇಟ್ಟು ನೈವೇದ್ಯ ಮಾಡುವ ತನಕ ಯಾರೂ ಬಾಯಿಗೆ ಹಾಕುವಂತಿಲ್ಲ. ನೈವೇದ್ಯ ಆದ ಕೂಡಲೇ ಬಡಿಸುವ ಅವಸರ. ಹಾಗಾಗಿ ನಮ್ಮ ಅಡುಗೆಯವರು ಉಪ್ಪು ಹುಳಿಯನ್ನೆಲ್ಲ ಮೂಗಿನಿಂದಲೇ ನೋಡುವವರು. ಜಗತ್ತಿನಲ್ಲಿ ಎಲ್ಲವನ್ನೂ ಪರೀಕ್ಷಿಸುವ ಅಪ್ಪ ಈ ಒಂದು ಪರೀಕ್ಷೆಗೆ ಮಾತ್ರ ಕೈಹಾಕುತ್ತಿರಲಿಲ್ಲ. ಮಾಧವಣ್ಣನ ಮೂಗು ಅಲ್ಲಿಯವರೆಗೆ ತಪ್ಪಿದ್ದೂ ಇಲ್ಲ.

ಮರುದಿನ ಬೆಳಿಗ್ಗೆ ಅವರು ಬಂದರು. ಕುಳಿತರು. ಮೊದಲ ಇಡ್ಲಿ ಸಾಂಬಾರು ಅವರಿಗೇ ಹೋಯಿತು. ಒಂದು ತುತ್ತು ತಿಂದು ಒಂದು ಕ್ಷಣ ಕೈ ತಡೆದರು, ಆಮೇಲೆ ತಲೆ ಬಗ್ಗಿಸಿ ತಿನ್ನುತ್ತ ಹೋದರು. ನೀರು ಕೇಳಿದರು. ಮತ್ತೆ ನೀರು ಕೇಳಿದರು. ದೊಡ್ಡವರಿಗೆ ಇಷ್ಟು ಬಾಯಾರಿಕೆಯೇ ಎಂದು ನಾನು ಗಲ್ಲಾದ ಹಿಂದಿನಿಂದ ಗಮನಿಸುತ್ತಲೇ ಇದ್ದೆ.

ಅಪ್ಪನಿಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ತಮ್ಮ ಮುರುಕು ಇಂಗ್ಲಿಷಿನಲ್ಲಿ, ನಮ್ಮ ಅಡುಗೆಯವನು ಒಮ್ಮೆ ನೆಟ್ಸಿನಲ್ಲಿ ನಿಮ್ಮನ್ನು ಬೌಲ್ಡ್ ಮಾಡಿದ್ದೇನೆಂದು ಹೇಳುತ್ತಾನೆ, ಟಿಫಿನ್ ತರುತ್ತಿದ್ದವನು, ಎಂದರು. ಅದು ಪ್ರಶ್ನೆಯಲ್ಲ, ಪಾಟೀಸವಾಲು. ಅವರು ತಲೆಯೆತ್ತಿದರು. ಅಡುಗೆಮನೆಯ ಕಿಂಡಿಯಲ್ಲಿ ಒಂದು ಬೆವರಿದ ಮುಖ ಇವರನ್ನೇ ನೋಡುತ್ತಿತ್ತು. ಅವರು ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಅವರೇನಾ! ಆ ಬಾಲನ್ನು ಮರೆಯುವುದುಂಟೇ!" ಎಂದು ಇಂಗ್ಲಿಷಿನಲ್ಲಿ ದೊಡ್ಡ ದನಿಯಲ್ಲಿ ಹೇಳಿ ಎದ್ದುಹೋಗಿ ಕಿಂಡಿಯೊಳಗೆ ಕೈ ಚಾಚಿದರು. "ಸಾಂಬಾರೂ ನಿಮ್ಮದೇಯಾ? ಬಹಳ ಚೆನ್ನಾಗಿದೆ."

ಮಾಧವಣ್ಣ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಅಳುತ್ತಿದ್ದ. ಬೆಂಚಿನವರು ಚಪ್ಪಾಳೆ ತಟ್ಟಿದರು. ಅಪ್ಪ ತಟ್ಟಲಿಲ್ಲ.

ಅವರ ಕಾರು ಹೋಗಿ ಧೂಳು ಇಳಿಯುವ ಮೊದಲೇ ಗುಮಾಸ್ತ ಕಣ್ಣಪ್ಪನ್ ಇಡ್ಲಿಗೆ ಕುಳಿತ. ಒಂದು ತುತ್ತು ಹಾಕಿ ಥೂ ಎಂದು ಉಗಿದ. "ಎನ್ನಯ್ಯಾ ಇದು, ಕಡಲ್ ತಣ್ಣಿಯಾ?" ಎಂದು ಕೂಗಿದ. ಸಮುದ್ರದ ನೀರೇನಯ್ಯಾ ಎಂದು. ಅಪ್ಪ ಓಡಿಹೋಗಿ ಒಂದು ಸೌಟು ಅಂಗೈಗೆ ಹಾಕಿ ನೆಕ್ಕಿದರು. ನಾನೂ ನೆಕ್ಕಿದೆ. ಅಬ್ಬಬ್ಬಾ, ನಾಲಗೆ ಕಿತ್ತುಹೋಗುವಷ್ಟು ಉಪ್ಪು. ಪುಣ್ಯಾತ್ಮ ಒಮ್ಮೆ ಉಪ್ಪು ಹಾಕಿ ಕಿಂಡಿಯಲ್ಲಿ ಇಣುಕಿದ್ದಾನೆ, ಬಂದು ಇನ್ನೊಮ್ಮೆ ಹಾಕಿದ್ದಾನೆ. ಆ ದಿನ ಮೂಗು ಅವನ ಹತ್ತಿರ ಇರಲೇ ಇಲ್ಲ.

ಕೊನೆಗೆ ಮಾಧವಣ್ಣನೂ ರುಚಿ ನೋಡಿದ. ನೋಡಿ ಹಾಗೆಯೇ ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಧನಿಗಳೆ, ಇದನ್ನು ಅವರು ಚಂದ ಉಂಟೂಂತ ಹೇಳಿದ್ರು," ಎಂದ. ಆಮೇಲೆ, "ಹಾಗಾದ್ರೆ ಆ ಬಾಲಿನದ್ದೂ..." ಎಂದ.

ಎಲ್ಲರೂ ಅಪ್ಪನನ್ನು ನೋಡಿದೆವು. ಇಷ್ಟು ವರ್ಷ ಅಪ್ಪ ಕಾದಿದ್ದ ಸಾಕ್ಷಿ ಹಂಡೆಯ ತುಂಬ ಎದುರಿಗೇ ಇತ್ತು. ನಾನು ಹೇಳಿರ್ಲಿಲ್ವಾ ಎಂಬ ಒಂದು ಮಾತು ಸಾಕಿತ್ತು.

"ಎಂತ ಹಾಗಾದ್ರೆ?" ಅಪ್ಪ ಗದರಿದರು. "ಸಾಂಬಾರಿನ ವಿಷಯದಲ್ಲಿ ಅವ ಸುಳ್ಳು ಹೇಳಿದ. ಬಾಲಿನದ್ದು ನಿಜ. ಏಳು ಏಳು, ಬೇರೆ ಬೇಳೆ ಇಡು, ಜನ ಬರ್ತಾ ಉಂಟು."

ಮಾಧವಣ್ಣ ಎದ್ದ. ಅಪ್ಪ ತಾವೇ ಹಂಡೆ ಎತ್ತಿ ಸಾಂಬಾರನ್ನು ಚರಂಡಿಗೆ ಸುರಿದರು. ಒಂದು ಹಂಡೆ ಸಾಂಬಾರು ಹಾಳಾದರೆ ಮೂರು ದಿನ ಮಾತು ಬಿಡುವ ಮನುಷ್ಯ ಅದು ಹರಿದುಹೋಗುವುದನ್ನು ನೋಡುತ್ತ, "ಅಷ್ಟನ್ನೂ ತಿಂದ. ದೊಡ್ಡವನೇ ಮಾರಾಯ ಅವ," ಎಂದರು.

ಅಂದಿನಿಂದ ಮಾಧವಣ್ಣ ಆ ಕಥೆ ಹೇಳುವುದನ್ನು ಬಿಟ್ಟ. ಅಪ್ಪ ಹೇಳತೊಡಗಿದರು. ಹೊಸ ಗಿರಾಕಿ ಬಂದರೆ ಸಾಕು, ಪಂಚೆ ಎತ್ತಿ ಕಟ್ಟಿದ್ದು, ಸ್ಟಂಪು ಮಲಗಿದ್ದು, ಒಂದು ಅಂತೆಯೂ ಇಲ್ಲದೆ. ಒಮ್ಮೆ ನಾನು, "ಅಪ್ಪ, ನೀವು ನಿಜವಾಗಿ ನಂಬ್ತೀರಾ?" ಎಂದು ಕೇಳಿದೆ. "ನಾಲ್ಕನೇ ಮೇಜಿಗೆ ಕಾಫಿ ಹೋಗಿದೆಯಾ ನೋಡು," ಎಂದರು. ನನ್ನ ಗುಮಾನಿ ಹಾಗೆಯೇ ಉಳಿಯಿತು. ಅಪ್ಪ ಹೋದರು, ಮಾಧವಣ್ಣನೂ ಹೋದ, ಅದು ಹೋಗಲಿಲ್ಲ. ಬಸ್ಸಿನಲ್ಲಿ ಕುಳಿತಾಗ, ನಿದ್ದೆ ಬಾರದಾಗ, ಅಷ್ಟು ದೊಡ್ಡ ಆಟಗಾರನಿಗೆ ಒಬ್ಬ ಅಡುಗೆಯವನು, ಅದೂ ಮಧ್ಯದ ಸ್ಟಂಪು, ಛೇ, ಇರಲಾರದು ಎಂದು ಲೆಕ್ಕ ಹಾಕುತ್ತಲೇ ಇದ್ದೆ.

ಇದನ್ನೆಲ್ಲ ಶ್ರುತಿಗೆ ಹೇಳಿದೆ. ಮಾಧವಣ್ಣನನ್ನು ಅವಳು ಕಂಡವಳಲ್ಲ. ಫೋನು ಮಡಿಲಿನಲ್ಲಿಟ್ಟು ಕೇಳಿದಳು. ಮುಗಿದ ಮೇಲೆ ಹುಬ್ಬು ಗಂಟಿಕ್ಕಿದಳು. ನಮ್ಮದೇ ರಕ್ತ, ಎಲ್ಲಿ ಹೋಗುತ್ತದೆ?

"ದೊಡ್ಡಪ್ಪಾ," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ, "ಆ ಬಾಲಿಗೆ ಅವರು ನಿಜವಾಗ್ಲೂ ಔಟ್ ಆಗಿದ್ರಾ?"

"ಆಗಿದ್ರು," ಎಂದೆ.