ಜೇನು ಹೇರಿದ ಪಿಕಪ್ ಸ್ಟಾರ್ಟ್ ಆಗದ ಬೆಳಿಗ್ಗೆ

ಎರಡು ವರ್ಷದ ಹಿಂದಿನ ಮಾತು. ರಬ್ಬರ್ ಮರಗಳು ಎಲೆ ಉದುರಿಸಿ ಹೊಸ ಚಿಗುರು ಬಿಡುವ ಸಮಯ. ಆ ಚಿಗುರಿನ ತೊಟ್ಟಿನಲ್ಲಿ ಸಿಹಿ ಒಸರುತ್ತದೆ. ನಮ್ಮಂಥ ಜೇನು ಸಾಕುವವರಿಗೆ ಅದೇ ಸುಗ್ಗಿ. ನಮ್ಮ ಮನೆ ಬೆಳುವಾಯಿಯಲ್ಲಿ. ಪ್ರತಿ ವರ್ಷ ಆ ಹೊತ್ತಿಗೆ ಜೇನು ಪೆಟ್ಟಿಗೆಗಳನ್ನು ಪಿಕಪ್ಪಿಗೆ ಹೇರಿ ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿರುವ ಪರಿಚಯದವರ ರಬ್ಬರ್ ತೋಟಕ್ಕೆ ಒಯ್ಯುತ್ತೇವೆ.

ಆ ವರ್ಷ ನನ್ನ ಗಂಡ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಹಾಗಾಗಿ ಪಿಕಪ್ ನಾನೇ ಬಿಡಬೇಕಾಯಿತು. ಡ್ರೈವಿಂಗ್ ನನಗೆ ಹೊಸತಲ್ಲ. ಹೆದರಿಕೆ ಇದ್ದದ್ದು ಸ್ಟಾರ್ಟರ್‌ನದ್ದು. ಕೆಲವು ತಿಂಗಳಿಂದ ಅದು ಮನಸ್ಸಾದರೆ ತಿರುಗುತ್ತಿತ್ತು, ಇಲ್ಲದಿದ್ದರೆ 'ಟಕ್' ಎಂದು ಸುಮ್ಮನಾಗುತ್ತಿತ್ತು. ಗ್ಯಾರೇಜಿನವರು ಸ್ಟಾರ್ಟರನ್ನೇ ಬದಲಿಸಬೇಕು ಎಂದಿದ್ದರು. ನಮ್ಮವರದ್ದು ಬೇರೆಯೇ ಶಾಸ್ತ್ರ. "ಊರಿಡೀ ಗುಡ್ಡೆ ಇರುವಾಗ ಸ್ಟಾರ್ಟರ್ ಯಾಕೆ ಮಾರಾಯ್ತಿ? ಇಳಿಜಾರು ನೋಡಿ ನಿಲ್ಲಿಸು, ಬ್ರೇಕ್ ಬಿಡು, ಗೇರಿಗೆ ಹಾಕು, ಆಯ್ತಲ್ಲ!" ನಮ್ಮ ಕಡೆ ಹಳೆ ಡೀಸೆಲ್ ಗಾಡಿ ಇರುವ ಅರ್ಧ ಜನ ಬದುಕುವುದು ಹೀಗೆಯೇ. ಮದುವೆಗೆ ಹೋದರೂ ಅವರ ಕಣ್ಣು ಮೊದಲು ಹುಡುಕುವುದು ಇಳಿಜಾರನ್ನು.

ಹಿಂದಿನ ಸಂಜೆ ಹುಳಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಗಿಲಿಗೆ ಬಲೆ ಬಡಿದೆವು. ಬೆಳಕು ಹರಿಯುವ ಮೊದಲೇ ಪಿಕಪ್ಪನ್ನು ಉರುಳಿಸಿ ಸ್ಟಾರ್ಟ್ ಮಾಡಿ, ನೆರೆಮನೆಯವರ ಸಹಾಯದಿಂದ ಪೆಟ್ಟಿಗೆ ಹೇರಿದೆವು. ಅಷ್ಟು ಹೊತ್ತೂ ಎಂಜಿನ್ ಓಡುತ್ತಲೇ ಇತ್ತು. "ಲಾಯಿಲ ಮುಟ್ಟುವವರೆಗೆ ಆಫ್ ಮಾಡ್ಲಿಕ್ಕಿಲ್ಲ, ನೆನಪುಂಟಲ್ಲ?" ಎಂದು ನಮ್ಮವರು ಗೇಟಿನವರೆಗೂ ಹೇಳುತ್ತಾ ಬಂದರು. ಮುಚ್ಚಿದ ಪೆಟ್ಟಿಗೆಗೆ ಬಿಸಿಲು ಬಿದ್ದರೆ ಒಳಗೆ ಮೇಣ ಮೆತ್ತಗಾಗಿ, ಎರಿಗಳು ಕುಸಿದು, ಹುಳಗಳು ಬೆಂದು ಸಾಯುತ್ತವೆ. ಅದಕ್ಕೇ ಬಿಸಿಲೇರುವ ಮೊದಲು ತೋಟ ಸೇರಬೇಕಿತ್ತು.

ವೇಣೂರು ದಾಟಿ ಗದ್ದೆಬಯಲಿನ ಮಟ್ಟಸವಾದ ರಸ್ತೆಗೆ ಬಂದಾಗ ಎದುರಿನಿಂದ ವಾದ್ಯದ ಸದ್ದು ಕೇಳಿತು. ರಾತ್ರಿಯ ನೇಮ, ಅಂದರೆ ಭೂತಕೋಲ, ಮುಗಿದು ದೈವದ ಆಯುಧ ಒಡವೆಗಳ ಭಂಡಾರ ಅದನ್ನು ಇಟ್ಟುಕೊಳ್ಳುವ ಗುತ್ತಿನ ಮನೆಗೆ ಹಿಂತಿರುಗುತ್ತಿತ್ತು. ಭಂಡಾರ ಎದುರಾದರೆ ನಾವೇನು ಮಾಡುತ್ತೇವೆ? ಗಾಡಿ ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ, ಚಪ್ಪಲಿ ಬಿಟ್ಟು ಇಳಿದು ಕೈ ಮುಗಿಯುತ್ತೇವೆ. ಚಿಕ್ಕಂದಿನಿಂದ ಬಂದ ಅಭ್ಯಾಸ. ಕತ್ತಿ, ಗಂಟೆ ಹೊತ್ತವರು ಮುಂದೆ ಸಾಗಿದರು, ನಾನು ಕಣ್ಣು ಮುಚ್ಚಿ ಹುಳಗಳನ್ನು ಕಾಪಾಡಪ್ಪಾ ಎಂದು ಬೇಡಿಕೊಂಡೆ. ಕಣ್ಣು ಬಿಟ್ಟಾಗ ವಾದ್ಯ ಮುಂದೆ ಸಾಗಿತ್ತು, ಪಿಕಪ್ಪಿನ ಸದ್ದಿಲ್ಲ. ಆಗ ನೆನಪಾಯಿತು. ಅಯ್ಯೋ ದೇವರೇ, ಎಂಜಿನ್ ಆಫ್!

ಓಡಿ ಹೋಗಿ ಕೀ ತಿರುಗಿಸಿದೆ. ಟಕ್. ಇನ್ನೊಮ್ಮೆ. ಟಕ್.

ಮೆರವಣಿಗೆಯ ಹಿಂದಿದ್ದವರು ನನ್ನ ಅವಸ್ಥೆ ನೋಡಿ ಬಂದರು. "ನಾವು ತಳ್ಳುವ, ಅಕ್ಕ, ಇಷ್ಟು ಜನ ಇದ್ದೇವಲ್ಲ!" ಎಂದು ಪಂಚೆ ಎತ್ತಿ ಕಟ್ಟಿದರು. ನಾನು ಅಡ್ಡ ನಿಂತೆ. ತಳ್ಳಿ ಗೇರಿಗೆ ಹಾಕಿದರೆ ಗಾಡಿ ಒಮ್ಮೆ ಜಗ್ಗುತ್ತದೆ. ಜೇನುತುಪ್ಪ ತುಂಬಿದ ಹೊಸ ಎರಿ ಆ ಜಗ್ಗಿಗೆ ಮುರಿದು ರಾಣಿಹುಳದ ಮೇಲೆಯೇ ಬಿದ್ದರೆ ಆ ಪೆಟ್ಟಿಗೆಯ ಸಂಸಾರವೇ ಹೋಯಿತು. ಹೇಳಿದರೆ ಯಾರಿಗೂ ನಂಬಿಕೆ ಬರಲಿಲ್ಲ. "ಹುಳಕ್ಕೆ ಅಷ್ಟೆಲ್ಲ ಉಂಟಾ?" ಎಂದು ಒಬ್ಬರು ನಕ್ಕರು. ನನಗೆ ಅಳು ಬಂತು, ಸಿಟ್ಟೂ ಬಂತು.

ಅಷ್ಟರಲ್ಲಿ ಕೊನೆಯಲ್ಲಿ ಬರುತ್ತಿದ್ದ ಗೂಡ್ಸ್ ಆಟೋದಿಂದ ಒಬ್ಬರು ಇಳಿದರು. ರಾತ್ರಿ ದೈವದ ವೇಷ ಕಟ್ಟಿ ಕುಣಿದವರು ಅವರೇ, ಹೆಸರು ಬಾಬಣ್ಣ ಎಂದು ಆಮೇಲೆ ತಿಳಿಯಿತು. ಮುಖ ತೊಳೆದಿದ್ದರೂ ಕಿವಿಯ ಹಿಂದೆ ಬಣ್ಣದ ಹಳದಿ ಉಳಿದಿತ್ತು. ನಿದ್ದೆಯಿಲ್ಲದ ಕಣ್ಣು ಕೆಂಪಾಗಿತ್ತು. "ಅಕ್ಕ ಬೇಡ ಅಂದ್ರೆ ಬೇಡ. ಅವರ ಹುಳ, ಅವರಿಗೆ ಗೊತ್ತುಂಟು," ಎಂದರು. ತಳ್ಳಲು ಬಂದವರು ಹಿಂದೆ ಸರಿದರು. ಅವರೇ ಕೆಲವರನ್ನು ಕಳಿಸಿ ನೇಮದ ಚಪ್ಪರದಿಂದ ತೆಂಗಿನ ಗರಿಯ ಮಡಲು ತರಿಸಿ, ನೀರು ಚಿಮುಕಿಸಿ ಪೆಟ್ಟಿಗೆಗಳ ಮೇಲೆ ಹೊದಿಸಿದರು.

ನಾನು ನಮ್ಮವರಿಗೆ ಫೋನ್ ಮಾಡಿದೆ. "ಹಾರ್ನ್ ಹೊಡಿ," ಎಂದರು. ಜೋರಾಗಿ ಕೂಗಿತು. "ಲೈಟ್?" ಚೆನ್ನಾಗಿ ಉರಿಯಿತು. "ಹಾಗಾದ್ರೆ ಬ್ಯಾಟರಿ ಸರಿ ಉಂಟು. ಸ್ಟಾರ್ಟರ್‌ದೇ ಕಥೆ. ಸ್ಪ್ಯಾನರ್‌ನಲ್ಲಿ ಅದರ ತಲೆಗೆ ಎರಡು ಬಡಿ." ಬಡಿದೆ. ಏನೂ ಆಗಲಿಲ್ಲ. "ಮತ್ತೆ ನಂಗೂ ಗೊತ್ತಾಗುದಿಲ್ಲ," ಎಂದವರ ಸ್ವರ ಸಣ್ಣದಾಯಿತು. ಗದ್ದೆಯ ಆಚೆ ಬಿಸಿಲು ಏರುತ್ತಿತ್ತು.

ಮಡಲಿನ ಅಡಿಗೆ ಕೈ ಹಾಕಿ ಪೆಟ್ಟಿಗೆಗಳ ಮೇಲೆ ಅಂಗೈ ಇಟ್ಟೆ. ಒಳಗಿನ ಸೆಕೆ ನಮಗೆ ತಿಳಿಯುವುದು ಹಾಗೆಯೇ. ಬಿಸಿ ಏರಿತ್ತು, ಗುಂಯ್ ಸದ್ದು ಜೋರಾಗಿತ್ತು. ಕೈ ತೆಗೆಯುವಾಗ ಒಂದು ಯೋಚನೆ ಬಂತು. ಪೆಟ್ಟಿಗೆಯ ಸಂಕಟ ಅಂಗೈಗೆ ತಿಳಿಯುತ್ತದೆ, ಪಿಕಪ್ಪಿನದ್ದು ಯಾಕೆ ತಿಳಿಯಬಾರದು?

"ಬಾಬಣ್ಣ, ನಾನು ಹೇಳಿದಾಗ ಕೀ ತಿರುಗಿಸ್ತೀರಾ?"

"ತಿರುಗಿಸ್ತೇನೆ ಅಕ್ಕ. ನೀವು ನೋಡಿ," ಎಂದು ಸೀಟಿನಲ್ಲಿ ಕೂತರು.

ನಾನು ಸೆರಗು ಸಿಕ್ಕಿಸಿ ಗಾಡಿಯ ಅಡಿಗೆ ತೂರಿದೆ. ಅವರು ಕೀ ತಿರುಗಿಸುವುದು, ಬಿಡುವುದು, ನಾನು ಸ್ಟಾರ್ಟರಿಗೆ ಸಂಬಂಧಪಟ್ಟ ದಪ್ಪ ವಯರುಗಳನ್ನು ತುದಿಯಿಂದ ತುದಿಗೆ ಮುಟ್ಟುತ್ತಾ ಹೋಗುವುದು. ಬ್ಯಾಟರಿಯಿಂದ ಬರುವ ವಯರು ತಣ್ಣಗಿತ್ತು. ಸ್ಟಾರ್ಟರಿನ ತಲೆಯೂ ತಣ್ಣಗೆ. ಎಂಜಿನ್‌ನಿಂದ ಗಾಡಿಯ ಚಾಸಿಗೆ ಹೋಗುವ ಕಪ್ಪು ಅರ್ಥ್ ವಯರಿನ ತುದಿಗೆ ಬಂದಾಗ ಬೆರಳು ಚುರುಕ್ ಎಂದಿತು. ಅಲ್ಲಿ ಬೋಲ್ಟಿನ ಸುತ್ತ ತುಕ್ಕು ಹಿಡಿದಿತ್ತು, ಬೋಲ್ಟೂ ಸಡಿಲ. ಹಾರ್ನಿಗೆ, ಲೈಟಿಗೆ ಬೇಕಾಗುವಷ್ಟು ಕರೆಂಟಿಗೆ ಈ ದಾರಿಯ ಅಗತ್ಯವೇ ಇಲ್ಲ. ಸ್ಟಾರ್ಟರಿನ ಕರೆಂಟೆಲ್ಲ ಹಿಂದಿರುಗುವುದು ಇಲ್ಲಿಂದಲೇ, ಅದು ಇಲ್ಲೇ ತಡೆದು ಬಿಸಿಯಾಗುತ್ತಿತ್ತು.

ಬ್ಯಾಟರಿ ವಯರು ಬಿಚ್ಚಿಟ್ಟು, ಜೇನಿನ ಚೌಕಟ್ಟು ಎಬ್ಬಿಸುವ ಉಳಿಯಿಂದಲೇ ತುಕ್ಕು ಕೆರೆದೆ. ಲೋಹ ಹೊಳೆಯುವವರೆಗೂ ಕೆರೆದೆ. ಬೋಲ್ಟ್ ಬಿಗಿದು, ಬ್ಯಾಟರಿ ವಯರು ಪುನಃ ಸಿಕ್ಕಿಸಿ ಪಕ್ಕಕ್ಕೆ ನಿಂತೆ. "ಈಗ ತಿರುಗಿಸಿ ಬಾಬಣ್ಣ!"

ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಕ್ಕವರೇ ಮೊದಲು ಚಪ್ಪಾಳೆ ತಟ್ಟಿದರು. ಬಾಬಣ್ಣ ಕೆಳಗಿಳಿದಾಗ ನನಗೆ ತಿಳಿಯದೆಯೇ ಕೈ ಮುಗಿದೆ. ಅವರು ಆಕಳಿಸುತ್ತಲೇ ನಕ್ಕರು. "ಅದೆಲ್ಲ ನಿನ್ನೆ ರಾತ್ರಿಗೆ ಆಯ್ತು ಅಕ್ಕ. ಈಗ ನಾನು ಆಟೋ ಬಿಡುವವ. ಬೇಗ ಹೋಗಿ, ಹುಳ ಕಾಯ್ತಾ ಉಂಟು."

ಲಾಯಿಲದ ರಬ್ಬರ್ ನೆರಳಲ್ಲಿ ಒಂದೊಂದೇ ಬಲೆ ಕಿತ್ತೆ. ಹುಳಗಳು ಗುಂಪುಗುಂಪಾಗಿ ಹೊರಗೆ ಬಂದವು. ಕೊನೆಯ ಪೆಟ್ಟಿಗೆಯದ್ದು ಮಾತ್ರ ಸದ್ದಿಲ್ಲ. ಅದರ ಮೇಲೆ ಅಂಗೈ ಇಟ್ಟು ಕೂತುಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಒಂದು ಹುಳ ಬಾಗಿಲಿಗೆ ಬಂದು ರೆಕ್ಕೆ ಬಿಚ್ಚಿತು. ಅದರ ಹಿಂದೆ ಇನ್ನೊಂದು. ಆಗ ಅತ್ತುಬಿಟ್ಟೆ, ನೋಡಲು ಯಾರೂ ಇರಲಿಲ್ಲವಲ್ಲ.

ಸ್ಟಾರ್ಟರ್ ಬದಲಿಸಲೇ ಇಲ್ಲ, ಅದಕ್ಕೆ ಏನೂ ಆಗಿರಲೂ ಇಲ್ಲ. ನಮ್ಮವರು ಈಗಲೂ ಇಳಿಜಾರಿನಲ್ಲೇ ನಿಲ್ಲಿಸುತ್ತಾರೆ, ನಾಯಿ ಬಾಲ ಡೊಂಕೇ. ನಾನು ಮಾತ್ರ ಭಂಡಾರ ಎದುರಾದರೆ ಎಂಥ ಮಟ್ಟಸ ಜಾಗದಲ್ಲೂ ಧೈರ್ಯವಾಗಿ ಎಂಜಿನ್ ಆಫ್ ಮಾಡಿ ಇಳಿಯುತ್ತೇನೆ. ಕಣ್ಣು ಮುಚ್ಚಿ ಕೈ ಮುಗಿದರೆ ನನಗೆ ಕಾಣುವುದು ಕತ್ತಿಯಲ್ಲ, ಗಂಟೆಯಲ್ಲ. ಕಿವಿಯ ಹಿಂದೆ ಹಳದಿ ಉಳಿದ ಒಬ್ಬ ಮನುಷ್ಯ, ನಿದ್ದೆಗಣ್ಣಿನಲ್ಲಿ ನನ್ನ ಮಾತಿಗಾಗಿ ಕಾಯುತ್ತಾ ಕೀ ಹಿಡಿದು ಕೂತಿರುತ್ತಾನೆ.